ಸೀಮಂತದ ದಿನ ನಾನಿದ್ದ ಮರುಭೂಮಿ

ಗಿಲ್‌ರಾಯ್
೫ ಅಕ್ಟೋಬರ್ ೨೦೨೫, ಭಾನುವಾರ

ಚಿರಂಜೀವಿ ದ್ವಾರಕಾನಾಥನಿಗೆ,

ಅಕ್ಕ ಪದ್ಮಜಾಳ ಆಶೀರ್ವಾದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೆಳಗೆ ಹೋಗುತ್ತಾ ಅದಕ್ಕೆ ಮನಸ್ಸು ಬರುತ್ತದೋ ಇಲ್ಲವೋ ಗೊತ್ತಿಲ್ಲ. ನಾನು ಕ್ಷೇಮ. ಬಿ.ಪಿ. ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೇನೆ. ನೀನೂ ನಿನ್ನ ಹೆಂಡತಿ ಇಂದುವೂ ಚೆನ್ನಾಗಿದ್ದೀರೆಂದು ಫೋಟೋ ನೋಡಿದರೇ ತಿಳಿಯುತ್ತದೆ.

ನಿನ್ನ ಮೆಸೇಜುಗಳಿಗೆ ಉತ್ತರ ಕೊಡದೆ ತಿಂಗಳಾಯಿತು. ತಡವಾದದ್ದಕ್ಕೆ ಕ್ಷಮೆ ಕೇಳುವುದು ಕಾಗದ ಬರೆಯುವವರ ಮರ್ಯಾದೆ, ಕೇಳಿದ್ದೇನೆ. ಅದೊಂದಕ್ಕೆ ಮಾತ್ರ. ಫೋನು ಮಾಡೋಣವೆಂದರೆ ನೀನು "ಅಕ್ಕಾ, ಇನ್ನೊಂದು ಕಾಲ್ ಬರ್ತಿದೆ" ಎಂದು ಜಾರಿಕೊಳ್ಳುತ್ತೀ. ಕೆಲಸ ಬಿಟ್ಟು ಎರಡು ವರ್ಷವಾದ ಮನುಷ್ಯನಿಗೆ ಅದ್ಯಾರು ಅಷ್ಟು ಕಾಲ್ ಮಾಡುತ್ತಾರೋ ದೇವರಿಗೇ ಗೊತ್ತು. ಕಾಗದದಿಂದ ಹಾಗೆ ಜಾರಿಕೊಳ್ಳಲು ಬರುವುದಿಲ್ಲ. ಬೇಕಾದರೆ ಹರಿದುಹಾಕು, ಆದರೆ ಹರಿಯುವ ಮುಂಚೆ ಪೂರ್ತಿ ಓದು.

ಬುಧವಾರ ಆಯುಧಪೂಜೆಯ ಫೋಟೋ ಕಳಿಸಿದೆಯಲ್ಲ, ಅದನ್ನು ನೋಡಿದ ಮೇಲೆಯೇ ಪೆನ್ನು ಹುಡುಕಿದ್ದು. ಕೆಂಪು ಜೀಪಿಗೆ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಅಂಗೈಯಗಲ ಕುಂಕುಮ, ಪಕ್ಕದಲ್ಲಿ ಪಂಚೆ ಉಟ್ಟು ನಗುತ್ತಿರುವ ನೀನು. ಕೆಳಗೆ ಬರೆದಿದ್ದೆ: "ಅಕ್ಕ, ನಿನ್ನ ಜೀಪಿಗೆ ಪೂಜೆ ಆಯ್ತು." ನನ್ನ ಜೀಪಂತೆ! ಮೈಯೆಲ್ಲ ಉರಿದುಹೋಯಿತು. ಆ ಕಬ್ಬಿಣಕ್ಕೆ ಕುಂಕುಮ ಸಲ್ಲುತ್ತದೆ, ನನಗೆ ಸಲ್ಲುವುದಿಲ್ಲ ಎಂದು ನೀವೇ ತಾನೇ ತೀರ್ಮಾನ ಮಾಡಿದ್ದು?

ವಿಷಯ ನಿನಗೆ ಗೊತ್ತೇ ಇದೆ. ಆದರೂ ನೇರವಾಗಿ ಬರೆಯುತ್ತೇನೆ, ನಾಳೆ ನಾನೇನೋ ಹೇಳಿದೆ, ನೀನೇನೋ ತಿಳಿದುಕೊಂಡೆ ಎಂದಾಗಬಾರದು. ಆಗಸ್ಟ್ ಕೊನೆಯ ಶನಿವಾರ ಸ್ಯಾನ್ ರಮೋನಿನಲ್ಲಿ, ನನ್ನ ಮಗ ಯಶಸ್ಸಿನ ಮನೆಯಲ್ಲಿ, ನಾನು ಆರು ವರ್ಷದಿಂದ ಬಾಳುತ್ತಿರುವ ಮನೆಯಲ್ಲಿ, ನನ್ನ ಸೊಸೆ ಲಾಸ್ಯಾಳ ಸೀಮಂತ ನಡೆಯಿತು. ಗಂಡ ತೀರಿಕೊಂಡ ಅತ್ತೆ ಆ ಹೊತ್ತಿಗೆ ಕಣ್ಣಿಗೆ ಬೀಳಬಾರದೆಂದು ಸೋದರಮಾವ ನೀನೂ ಅಳಿಯ ಯಶಸ್ಸೂ ಮಾತಾಡಿಕೊಂಡು ನನ್ನನ್ನು ಜೀಪಿನಲ್ಲಿ ಕೂರಿಸಿ ಐದು ದಿನ ಮರುಭೂಮಿಗೆ ಸಾಗಹಾಕಿದಿರಿ.

ಎಂಥ ಗಾಳ ಹಾಕಿದೆಯಪ್ಪಾ! ಬೇರೆ ಯಾವ ಮೀನೂ ಅದಕ್ಕೆ ಸಿಕ್ಕುತ್ತಿರಲಿಲ್ಲ. ಮೈಸೂರಿನ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ಮಾಡಿ ತಲೆ ಹಣ್ಣಾದವಳು ನಾನು. ಬೋರ್ಡಿನ ಮೇಲೆ ಗುಡ್ಡ ಬರೆದು, ಎಡಕ್ಕೆ ಮೋಡ, ಬಲಕ್ಕೆ ಬರೀ ಚುಕ್ಕಿ ಹಾಕಿ, "ಇದು ಮಳೆ ನೆರಳಿನ ಪ್ರದೇಶ, ಇಲ್ಲಿಗೆ ಬರುವಷ್ಟರಲ್ಲಿ ಮೋಡ ಖಾಲಿ" ಎಂದು ವರ್ಷ ವರ್ಷವೂ ಹೇಳಿದವಳು. ಗಣಪತಿ ಹಬ್ಬದ ದಿನ ಕಡುಬು ತಿನ್ನುತ್ತಾ ನೀನು, "ಅಕ್ಕಾ, ನೀನು ಚಾಕ್‌ಪೀಸಲ್ಲಿ ಬರೀತಿದ್ಯಲ್ಲ, ಆ ಗುಡ್ಡದ ಆ ಕಡೆ ಸೈಡಿಗೆ ನಾಳೆ ಕರ್ಕೊಂಡ್ ಹೋಗ್ತೀನಿ" ಎಂದೆ. ನಿನ್ನ ಇಂದುವೋ, ತನಗೆ ಬೆನ್ನುನೋವು, ಜೀಪಿನ ಕುಲುಕಾಟ ಆಗುವುದಿಲ್ಲ, ಅಕ್ಕ ತಮ್ಮ ಇಬ್ಬರೇ ಆರಾಮಾಗಿ ಹೋಗಿಬನ್ನಿ ಎಂದಳು. ಯಶಸ್ಸು ನನಗೆ ಹೊಸ ಜರ್ಕಿನ್ನನ್ನೇ ತಂದುಕೊಟ್ಟ. ಮಗ ಎಷ್ಟು ಒಳ್ಳೆಯವನೆಂದು ದೇವರ ಮುಂದೆ ನಿಂತು ಅಂದುಕೊಂಡೆ. ಆ ಜರ್ಕಿನ್ನನ್ನು ಮೊನ್ನೆ ಇಲ್ಲಿ ಗ್ಯಾರೇಜು ಒರೆಸಲು ಹಾಕಿದ್ದೇನೆ.

ನಿನ್ನ ಮರುಭೂಮಿಯೇನೂ ನನ್ನನ್ನು ಕೈಹಿಡಿದು ಬಾ ಎನ್ನಲಿಲ್ಲ, ತಿಳಿದುಕೊ. ಬೆಟ್ಟದ ನೆತ್ತಿಯ ಟಿಯೋಗಾ ಕಣಿವೆಮಾರ್ಗ ದಾಟಿ ಇಳಿಯುವಾಗ ಕಿವಿ ಗುಂಯ್ ಎಂದಿತು. ಅಲ್ಲಿಯವರೆಗೆ ಪೈನ್ ಮರ, ತೊರೆ, ಹಸಿರು. ಒಂದು ತಿರುವು ಮುಗಿದದ್ದೇ ತಡ, ಬೂದಿ ಬಣ್ಣದ ನೆಲ, ಮುಳ್ಳಿನಂಥ ಕುರುಚಲು, ಕೆಳಗೆ ಮೀನಿಲ್ಲದ ಉಪ್ಪುಕೆರೆ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ, ನಿಜ. ಬೋರ್ಡಿನ ಮೇಲಿದ್ದ ಗುಡ್ಡವನ್ನು ಯಾರೋ ನೆಟ್ಟಗೆ ನಿಲ್ಲಿಸಿದ ಹಾಗಿತ್ತು. ಆದರೆ ಸಂಜೆಗೆ ತುಟಿ ಒಡೆದು ರಕ್ತ ಬಂತು. ಮರುದಿನ ಮೂಗಿನಲ್ಲೂ ಬಂತು. ಮಣ್ಣುರಸ್ತೆಯಲ್ಲಿ ನಿನ್ನ ಜೀಪು ಎತ್ತಿ ಎತ್ತಿ ಒಗೆದಾಗ ಸೊಂಟದ ಕೀಲು ಕಳಚಿತೆಂದೇ ತಿಳಿದೆ. ಎತ್ತರಕ್ಕೆ ಹೋದಂತೆ ಚಿಪ್ಸಿನ ಪೊಟ್ಟಣ ಬಲೂನಿನಂತೆ ಉಬ್ಬಿತು. ಮಾವಿನಮಿಡಿ ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ತಿರುಗಿಸಿದ ಕೂಡಲೇ ರಸವೆಲ್ಲ ಸೀಟಿಗೆ ಹಾರಿತು. "ಲೆದರ್ ಅಕ್ಕಾ, ಲೆದರ್" ಎಂದು ನೀನು ಮುಖ ಸಿಂಡರಿಸಿದೆ. ನಾನು ಅಪರಾಧಿಯ ಹಾಗೆ ನೀರು ಚಿಮುಕಿಸಿ ಒರೆಸಿದೆ. ಆ ಕಲೆ ಇನ್ನೂ ಹೋಗಿಲ್ಲವಾದರೆ ಬಹಳ ಸಂತೋಷ.

ಶನಿವಾರದ ವಿಚಾರಕ್ಕೆ ಬರುತ್ತೇನೆ. ಅವತ್ತು ನನ್ನನ್ನು ವೈಟ್ ಮೌಂಟನ್ಸಿನ ಆ ಹಳೆಯ ಮರಗಳ ಹತ್ತಿರ ಹತ್ತಿಸಿದೆ. ನಾಲ್ಕು ಸಾವಿರ ವರ್ಷ ಬದುಕಿದ ಮರಗಳಂತೆ. ಅರ್ಧ ಸತ್ತು, ಗಾಳಿಗೆ ತಿರುಚಿಕೊಂಡು, ಒಂದೇ ಒಂದು ಸೀಳು ತೊಗಟೆಯಲ್ಲಿ ಜೀವ ಹಿಡಿದು ನಿಂತಿದ್ದವು. ನನಗೆ ಉಸಿರು ಸಾಲದೆ ಕಲ್ಲಿನ ಮೇಲೆ ಕೂತೆ. ನೀನು ಫೋನು ಸಿಗದ ಕಡೆ ಮೆಸೇಜು ಕಳಿಸುವ ಆ ಕಿತ್ತಳೆ ಬಣ್ಣದ ಸ್ಯಾಟಲೈಟ್ ಯಂತ್ರ ಹಿಡಿದು ದೂರ ದೂರ ಹೋಗಿ ಏನೋ ಒತ್ತುತ್ತಿದ್ದೆ. ಬಂದವನೇ, "ವೆದರ್ ಅಪ್‌ಡೇಟ್ ಅಕ್ಕ, ಎಲ್ಲಾ ಚೆನ್ನಾಗಿದೆಯಂತೆ" ಎಂದೆ. ಆಕಾಶದಲ್ಲಿ ಒಂದು ಮೋಡದ ಚೂರೂ ಇರಲಿಲ್ಲ. ಭೂಗೋಳದ ಮೇಡಂ ನಾನು, ಆಗಲಾದರೂ ಅನುಮಾನ ಪಡಬೇಕಿತ್ತು. ನೀನು ಅಲ್ಲಿ ಹವಾಮಾನ ನೋಡುತ್ತಿದ್ದ ಹೊತ್ತಿಗೆ ಸ್ಯಾನ್ ರಮೋನಿನಲ್ಲಿ ನಿನ್ನ ಹೆಂಡತಿ ಅತ್ತೆಯ ಸ್ಥಾನದಲ್ಲಿ ನಿಂತು ಲಾಸ್ಯಾಳಿಗೆ ಆರತಿ ಎತ್ತುತ್ತಿದ್ದಳು. ಅವಳ ಬೆನ್ನು ಅವತ್ತು ಚೆನ್ನಾಗಿಯೇ ಬಗ್ಗುತ್ತಿತ್ತಂತೆ.

ಭಾನುವಾರ ವಾಪಸು ಹೊರಡಬೇಕಿತ್ತು. ನೀನು ನೆವಾಡಾ ಕಡೆಗೆ ತಿರುಗಿಸಿದೆ. "ಇಷ್ಟು ದೂರ ಬಂದಿದೀವಿ, ಲಾಂಗ್ ವೀಕೆಂಡು, ಅವಸರ ಯಾಕೆ" ಎಂದೆ. ಅವಸರ ಯಾಕೆ ಬೇಡವಾಗಿತ್ತೆಂದು ಈಗ ಗೊತ್ತಾಗಿದೆ. ಬೀಗರ ಕಡೆಯವರು ಸೋಮವಾರ ಮಧ್ಯಾಹ್ನದ ಊಟ ಮುಗಿಸಿ ಹೊರಟರಂತೆ. ಅಲ್ಲಿಯವರೆಗೆ ನನ್ನನ್ನು ಬೋಳು ಗುಡ್ಡ, ಬೋಳು ಬಯಲು, ಮತ್ತೆ ಬೋಳು ಗುಡ್ಡ ಎಂದು ಸುತ್ತಿಸಿದೆ.

ಸೋಮವಾರ ಸಂಜೆ ನೀನು ನನ್ನನ್ನು ಬಾಗಿಲಲ್ಲಿ ಇಳಿಸಿ, ಒಳಗೆ ಕಾಲಿಡದೆ ಜೀಪು ತಿರುಗಿಸಿಕೊಂಡು ಹೋದೆ. ಬಾಗಿಲು ತೆಗೆದವಳು ಲಾಸ್ಯಾ. ಅವಳ ಎರಡೂ ಕೈ ತುಂಬಾ ಹಸಿರು ಗಾಜಿನ ಬಳೆ. ಹೋದ ವರ್ಷ ಮೈಸೂರಿಗೆ ಹೋಗಿದ್ದಾಗ, ಮುಂದೆ ಬೇಕಾಗುತ್ತದೆಂದು ಆಸೆಪಟ್ಟು ಹತ್ತಿಯಲ್ಲಿ ಸುತ್ತಿ ನಾನೇ ತಂದ ಬಳೆಗಳು. ನನಗೆ ಯಶಸ್ಸು ಹೇಳಿದ್ದು ಬೇರೆ: ಲಾಸ್ಯಾಳಿಗೆ ಶಾಸ್ತ್ರಗಳೆಲ್ಲ ಇಷ್ಟವಿಲ್ಲ, ಸೀಮಂತ ಇಲ್ಲ, ಅಕ್ಟೋಬರಿನಲ್ಲಿ ಸ್ನೇಹಿತರು ಬೇಬಿ ಶವರ್ ಮಾಡುತ್ತಾರೆ ಅಷ್ಟೆ ಎಂದು. ನನ್ನ ಸೂಟ್‌ಕೇಸು ತೆಗೆದು ಬಳೆ ತೆಗೆದುಕೊಂಡಿದ್ದರು. ನಾನು ತಂದ ಬಳೆಗೆ ಅಮಂಗಳವಿಲ್ಲ, ನನಗೆ ಮಾತ್ರ ಇದೆ.

ಲಾಸ್ಯಾ ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. "ಹೋಪ್ ಯು ಹ್ಯಾಡ್ ಫನ್" ಎಂದು ಹೇಳಿ ಒಳಗೆ ಹೋದಳು. ಈ ಹುಡುಗಿ ಇಲ್ಲೇ ಹುಟ್ಟಿದವಳು, ಕನ್ನಡ ತಡವರಿಸುತ್ತಾಳೆ, ಆದರೂ ನನ್ನ ಹತ್ತಿರ ಮಾತ್ರ ಹಟ ಹಿಡಿದು ಕನ್ನಡದಲ್ಲೇ ಆಡುತ್ತಿದ್ದಳು. ತಪ್ಪಾದರೆ ತಾನೇ ನಗುತ್ತಿದ್ದಳು. ಆ ಸಂಜೆಯಿಂದ ನನ್ನೊಡನೆ ಬರೀ ಇಂಗ್ಲಿಷು.

ಯಶಸ್ಸನ್ನು ಗ್ಯಾರೇಜಿಗೆ ಕರೆದು ಕೇಳಿದೆ. ಅವನು ಕಾರಿನ ಬಾಗಿಲನ್ನು ಒರೆಸುತ್ತಾ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ಅಮ್ಮಾ, ನಿನಗೇ ಅನ್‌ಕಂಫರ್ಟಬಲ್ ಆಗ್ತಿತ್ತು. ಅವರ ಕಡೆಯವರು ಹಾಸನದ ಹಳ್ಳಿ ಜನ, ಓಲ್ಡ್ ಟೈಪು. ಯಾರಾದ್ರೂ ಏನಾದ್ರೂ ಅಂದ್ಬಿಟ್ರೆ? ನಿನ್ನ ಒಳ್ಳೇದಕ್ಕೇ ಅಂತ ನಾನೂ ಮಾಮನೂ ಡಿಸೈಡ್ ಮಾಡಿದ್ವಿ." ಹಾಗಾದರೆ ಲಾಸ್ಯಾಳಿಗೆ ಏನು ಹೇಳಿದೆ ಎಂದೆ. ಒತ್ತಿ ಕೇಳಿದ ಮೇಲೆ ಬಾಯಿಬಿಟ್ಟ. ಟ್ರಿಪ್ಪು ಮೊದಲೇ ಗೊತ್ತಾಗಿತ್ತು, ಅಮ್ಮನಿಗೆ ಬಹಳ ದಿನದ ಆಸೆ, ಬಿಡಲು ಒಪ್ಪಲಿಲ್ಲ ಎಂದು ಅವಳಿಗೂ ಬಂದವರೆಲ್ಲರಿಗೂ ಹೇಳಿದನಂತೆ. ಅಮ್ಮನ ಹತ್ತಿರ ಸೀಮಂತದ ಮಾತೆತ್ತಬೇಡ, ನೊಂದುಕೊಳ್ಳುತ್ತಾಳೆ ಎಂದು ಅವಳ ಬಾಯನ್ನೂ ಕಟ್ಟಿದ್ದನಂತೆ. ದೂಡಿದ್ದು ನೀವು, ಬಿಟ್ಟುಹೋದವಳು ನಾನು.

ಎರಡು ವಾರ ಆ ಮನೆಯಲ್ಲಿ ಬಾಯಿ ಹೊಲಿದುಕೊಂಡು ಇದ್ದೆ. ಆಮೇಲೆ ಒಂದು ಭಾನುವಾರ ಲಾಸ್ಯಾಳ ಅಪ್ಪ ಜಯರಾಮ್ ತಮ್ಮ ತಾಯಿ ಲಿಂಗಮ್ಮನವರನ್ನು ಮೊಮ್ಮಗಳ ಮನೆಗೆ ಕರೆದುಕೊಂಡು ಬಂದರು. ಎಂಬತ್ತರ ಹತ್ತಿರದ ಹೆಂಗಸು, ಸೀಮಂತಕ್ಕೆಂದೇ ಹಾಸನದಿಂದ ಬಂದವರು. ಲಾಸ್ಯಾ ಅಪ್ಪನ ಜೊತೆ ಗ್ರೋಸರಿಗೆ ಹೋಗಿದ್ದಳು. ಯಶಸ್ಸು ಮೇಲೆ ಮೀಟಿಂಗಿನಲ್ಲಿದ್ದ. ಲಿಂಗಮ್ಮನವರು ಕಾಫಿ ಲೋಟ ಕೆಳಗಿಟ್ಟು, ಮುಖಕ್ಕೆ ಹೊಡೆದ ಹಾಗೆ ಕೇಳಿಬಿಟ್ಟರು.

"ಏನ್ ಪದ್ಮಜಮ್ಮಾ, ಸೊಸೆ ಸೀಮಂತಕ್ಕಿಂತ ಆ ಮರಳುಗಾಡೇ ಹೆಚ್ಚಾಯ್ತಾ ನಿಮ್ಗೆ? ಮಗಾ ಬಾಗ್ಲು ನೋಡ್ಕೊಂಡೇ ಕೂತಿತ್ತು, ನೀವು ಅರ್ಧ ದಾರಿಯಿಂದನಾದ್ರೂ ಬತ್ತೀರೇನೋ ಅಂತ."

ನಾನು ಹೇಳಬಾರದೆಂದೇ ಇದ್ದೆ. ಆದರೆ ಬಾಗಿಲು ನೋಡಿಕೊಂಡು ಕೂತಿದ್ದಳೆಂದು ಕೇಳಿದ ಮೇಲೆ ತಡೆಯಲಾಗಲಿಲ್ಲ. ಅಳುತ್ತಾ ಎಲ್ಲವನ್ನೂ ಹೇಳಿದೆ. ಅವರು ತಮ್ಮ ಸೆರಗಿನ ತುದಿಯಿಂದ ನನ್ನ ಕಣ್ಣು ಒರೆಸಿದರು. ಆಮೇಲೆ ಎಂದರು:

"ನಾನೂ ಗಂಡನ್ನ ಕಳ್ಕಂಡವ್ಳೇ ಅಲ್ವ್ರಾ. ಆ ಮಗೀಗೆ ಮೊದ್ಲು ಬಳೆ ತೊಡ್ಸಿದ್ದು ನನ್ ಕೈಯಿ. ನಮ್ಮನೇಲಿ ಹಂಗೆಲ್ಲ ನೋಡಕಿಲ್ಲ. ನಿಮ್ಮ ಮಗ ಎದುರ್ಗೇ ನಿಂತು ಫೋಟೋ ತೆಗೀತಿದ್ನಲ್ಲ."

ಕೇಳಿದೆಯಾ ದ್ವಾರಕಿ? ಯಾರಿಗೆ ಹೆದರಿ ನನ್ನನ್ನು ಓಡಿಸಿದಿರೋ ಅವರಿಗೆ ಆ ಯೋಚನೆಯೇ ಇರಲಿಲ್ಲ. ಹೆದರಿಕೆಯೆಲ್ಲ ನಮ್ಮದೇ, ನಮ್ಮ ಮೈಸೂರಿನ ಮನೆಯದೇ. ಸಮುದ್ರ ದಾಟಿ ಬಂದು, ಇಲ್ಲಿ ಕಂಪ್ಯೂಟರು ಚಿಪ್ಪು ಮಾಡಿ, ಸರಟೋಗಾದಲ್ಲಿ ಗುಡ್ಡದ ಮೇಲೆ ಮನೆ ಕಟ್ಟಿಸಿ, ಒಳಗೆ ಆ ಹೆದರಿಕೆಯನ್ನು ಜೋಪಾನವಾಗಿ ಇಟ್ಟುಕೊಂಡವನು ನೀನು. ಬೈಸಿಕೊಂಡದ್ದು ಹಾಸನದ ಹಳ್ಳಿಯವರು. ಬಳೆ ತೊಡಿಸುವ ಆ ಮುದುಕಿಯ ಫೋಟೋ ತೆಗೆಯುವಾಗ ನನ್ನ ಮಗನಿಗೆ ನನ್ನ ನೆನಪು ಒಂದಿಷ್ಟಾದರೂ ಬರಬೇಡವೇ? ಆಗಲಾದರೂ ನಿನಗೆ ಮೆಸೇಜು ಹಾಕಿ, ಮಾಮಾ ತಪ್ಪಾಯ್ತು, ಅಮ್ಮನನ್ನು ಕರೆದುಕೊಂಡು ಬಾ ಎನ್ನಬೇಡವೇ?

ಲಿಂಗಮ್ಮನವರು, "ಬಟ್ಟೆ ತಗಳಿ, ನಮ್ಮನೇಗ್ ಬನ್ನಿ" ಎಂದರು. ನಾಲ್ಕು ಸೀರೆಯನ್ನೂ ಆ ಜರ್ಕಿನ್ನನ್ನೂ ಚೀಲಕ್ಕೆ ಹಾಕಿಕೊಂಡು ಅವರೊಂದಿಗೆ ಗಿಲ್‌ರಾಯಿನಲ್ಲಿರುವ ಜಯರಾಮ್ ಮನೆಗೆ ಬಂದೆ. ಯಶಸ್ಸು ತಡೆಯಲಿಲ್ಲ, ಎರಡು ದಿನ ಗಾಳಿ ಬದಲಾಗಲಿ ಎಂದುಕೊಂಡಿರಬೇಕು. ಬೆಳ್ಳುಳ್ಳಿಗೆ ಹೆಸರಾದ ಊರು ಇದು, ಇಲ್ಲಿ ಗಾಳಿಯೆಂದರೆ ಅದರದೇ ವಾಸನೆ. ಮುದ್ದೆ ನುಂಗಲು ಕಲಿಯುತ್ತಿದ್ದೇನೆ. ನಾನು ಮರೆತು ಅಗಿದಾಗಲೆಲ್ಲ ಲಿಂಗಮ್ಮನವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಜಯರಾಮ್ ಬೆಳಗ್ಗೆ ಕತ್ತಲಿರುವಾಗಲೇ ಕೆಲಸಕ್ಕೆ ಹೋಗುವವರು, ನನಗೆಂದು ಮೊಸರು ತರುವುದನ್ನು ಮರೆಯುವುದಿಲ್ಲ. ಬೀಗರ ಮನೆಯಲ್ಲಿ ವಾರಗಟ್ಟಲೆ ಕೂರುವುದು ನನಗೇನು ಚೆಂದವೇ? ನಾಚಿಕೆಯಾಗುತ್ತದೆ. ಆದರೆ ಸ್ವಂತ ಮನೆಯಲ್ಲಿ ಆದಷ್ಟು ಆಗುವುದಿಲ್ಲ.

ಈಗ ಮುಖ್ಯವಾದ ಮಾತು. ಲಾಸ್ಯಾಳಿಗೆ ಇನ್ನೂ ನಿಜ ಗೊತ್ತಿಲ್ಲ. ಅವಳ ಪಾಲಿಗೆ ನಾನು ಈಗಲೂ ಸೊಸೆಯ ಸೀಮಂತ ಬಿಟ್ಟು ಊರು ಸುತ್ತಲು ಹೋದ ಅತ್ತೆ. ಲಿಂಗಮ್ಮನವರು ಹೇಳಿಬಿಡುತ್ತೇನೆಂದು ಕುದಿಯುತ್ತಿದ್ದಾರೆ. ಬೇಡವೆಂದು ಅವರಿಂದ ಮಾತು ತೆಗೆದುಕೊಂಡಿದ್ದೇನೆ. ಇದು ಅಜ್ಜಿ ಬಂದು ಚಾಡಿ ಹೇಳುವ ವಿಷಯವಲ್ಲ. ಮಾಡಿದವರ ಬಾಯಿಂದಲೇ ಬರಬೇಕು. ಯಶಸ್ಸು ಫೋನಿನಲ್ಲಿ, "ಡೆಲಿವರಿ ಆಗ್ಲಿ ಅಮ್ಮ, ಆಮೇಲೆ ನಿಧಾನಕ್ಕೆ ಹೇಳ್ತೀನಿ, ಈಗ ಅವಳಿಗೆ ಸ್ಟ್ರೆಸ್ ಆಗುತ್ತೆ" ಎನ್ನುತ್ತಾನೆ. ಆಮೇಲೆ ಎಂದರೆ ಎಂದಿಗೂ ಇಲ್ಲ ಎಂದೇ ಅರ್ಥ, ಹೆತ್ತವಳಿಗೆ ಅಷ್ಟು ತಿಳಿಯುವುದಿಲ್ಲವೇ. ಹೆರಿಗೆಗೆ ನಾನು ಬೇಕು, ಬಾಣಂತಿಗೆ ಖಾರದ ಪುಡಿ ಕುಟ್ಟಲು ನಾನು ಬೇಕು, ಮಗುವಿಗೆ ಎಣ್ಣೆ ನೀರು ಹಾಕಲು ನಾನು ಬೇಕು. ಅದಕ್ಕೆಲ್ಲ ನಾನು ಮಂಗಳವೇ.

ಮುಂದಿನ ತಿಂಗಳು ಮಗು ಬರುತ್ತದೆ. ಅದನ್ನು ಎತ್ತಿಕೊಳ್ಳುವಾಗ ಅದರ ತಾಯಿ ನನ್ನನ್ನು ಹಾಗೆ ನೋಡುತ್ತಿರಬಾರದು. ಆದ್ದರಿಂದ ನೀನು ಹೋಗಿ ಹೇಳು. ಯಶಸ್ಸನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಂದುವನ್ನೂ ಕೂರಿಸಿಕೊಂಡು, ಲಾಸ್ಯಾಳ ಎದುರಿಗೆ ಹೇಳು: ನಿನ್ನ ಅತ್ತೆ ಹೋಗಲಿಲ್ಲ, ನಾವು ಕಳಿಸಿದೆವು ಎಂದು. ಸರಟೋಗಾದಿಂದ ಸ್ಯಾನ್ ರಮೋನಿಗೆ ಮರುಭೂಮಿಯೇನೂ ದಾಟಬೇಕಿಲ್ಲ, ೬೮೦ ಹೆದ್ದಾರಿ ಹಿಡಿದರೆ ಸಾಕು. ಅದಾಗುವವರೆಗೆ ನಾನು ಆ ಹೊಸ್ತಿಲು ತುಳಿಯುವುದಿಲ್ಲ. ಮೊಮ್ಮಗುವಿನ ಮುಖ ನೋಡದೆ ಇರಬೇಕಾಗಿ ಬಂದರೆ ಇರುತ್ತೇನೆ. ನನ್ನ ಹಟ ನಿನಗೆ ಚಿಕ್ಕಂದಿನಿಂದ ಗೊತ್ತು.

ನಿಮ್ಮ ಭಾವ ಇದ್ದಿದ್ದರೆ ನಿನ್ನನ್ನು ಕರೆದು ಎದುರಿಗೆ ಕೂರಿಸಿ ಕೇಳುತ್ತಿದ್ದರು. ಅವರಿಲ್ಲ, ಅದೇ ಅಲ್ಲವೇ ನನ್ನ ಅಪರಾಧ.

ಇಷ್ಟು ಬೈದಮೇಲೂ ಕೊನೆಯಲ್ಲಿ ಹರಸದೆ ಕಾಗದ ಮುಗಿಸಲು ಕೈ ಬರುತ್ತಿಲ್ಲ. ನಿನಗೆ ಆಯಸ್ಸು ಆರೋಗ್ಯ ಇರಲಿ. ಇಂದುವಿನ ಬೆನ್ನು ನಿಜವಾಗಿಯೂ ಎಂದೂ ನೋಯದಿರಲಿ. ಒಂಟಿಯಾಗಿ ಬೆಟ್ಟದ ಮಣ್ಣುರಸ್ತೆಗಳಿಗೆ ಜೀಪು ಹೊಡೆದುಕೊಂಡು ಹೋಗಬೇಡ, ನಿನಗೂ ವಯಸ್ಸಾಯಿತು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ಇಂತಿ ನಿನ್ನ ಅಕ್ಕ,
ಪದ್ಮಜಾ

ತಾ.ಕ.: ಕಾಗದ ಮಡಿಸಿ ಕವರಿಗೆ ಹಾಕಿದವಳು ಮತ್ತೆ ತೆಗೆದೆ. ಲಿಂಗಮ್ಮನವರಿಗೂ ಹೇಳದ ಒಂದು ಮಾತಿದೆ. ಭಾನುವಾರ ನೆವಾಡಾದ ಆ ಒಣಗಿದ ಕೆರೆಯ ಬಿಳಿ ಬಯಲಿನಲ್ಲಿ ನೀನು ಜೀಪು ನಿಲ್ಲಿಸಿ, ಇಳಿದು ಈ ಕಡೆ ಬಂದು, "ಅಕ್ಕಾ, ಇವತ್ತು ನೀನೇ ಓಡ್ಸು, ಇಲ್ಲಿ ಗುದ್ದೋಕೆ ಏನೂ ಇಲ್ಲ" ಎಂದು ಸ್ಟೇರಿಂಗನ್ನು ನನ್ನ ಕೈಗೆ ಕೊಟ್ಟೆ. ಅರವತ್ತು ದಾಟಿದವಳು, ಸೈಕಲ್ಲನ್ನೂ ತುಳಿದವಳಲ್ಲ. ಮೊದಲು ಹೆದರಿ ಕಿರುಚಿದೆ, ಆಮೇಲೆ ನಗುತ್ತಾ ಕಿರುಚಿದೆ. ಕಿಟಕಿಯ ಗಾಜು ಇಳಿಸಿ, ತಲೆ ಕೆದರಿಕೊಂಡು, ಆ ಬಯಲಿನಲ್ಲಿ ಗುಂಡಗೆ ಸುತ್ತಿದೆ. ನಿಮ್ಮ ಭಾವ ಆನಂದತೀರ್ಥರು ಹೋದಮೇಲೆ ಅವತ್ತೊಂದು ದಿನ ನಾನು ವಿಧವೆಯೆಂಬುದು ನನಗೆ ಮರೆತೇಹೋಗಿತ್ತು. ಹಾಗೆ ಮರೆಸಿದವನು ನೀನು. ವಿಧವೆ ಎಂಬ ಅದೇ ಕಾರಣಕ್ಕೆ ನನ್ನನ್ನು ಅಲ್ಲಿಗೆ ಒಯ್ದವನೂ ನೀನೇ. ಸಾಕು, ಸುಸ್ತಾಯಿತು, ಮನೆಗೆ ಹೋಗೋಣ ಎಂದಾಗ ನೀನು ವಾಚು ನೋಡಿಕೊಂಡು, "ಇನ್ನೊಂದು ರೌಂಡು ಹೊಡಿ ಅಕ್ಕ" ಎಂದೆ. ಸೀಮಂತದ ವಿಷಯವನ್ನು ನಾನು ಎಂದಾದರೂ ಕ್ಷಮಿಸಬಹುದು. ಆ ಇನ್ನೊಂದು ರೌಂಡನ್ನು ನನಗೋಸ್ಕರ ಕೊಟ್ಟೆಯೋ, ಮನೆಯಲ್ಲಿ ನೆಂಟರು ಇನ್ನೂ ಇದ್ದಾರೆಂದು ಕೊಟ್ಟೆಯೋ, ಅದೊಂದನ್ನು ನಿಜವಾಗಿ ಬರೆದು ತಿಳಿಸು.